ಗುಳ್ಳೆ ನಿಲ್ಲುವ ತನಕ

ಲಾಳಿಕೆಗೆ ಸುರಿದ ನೀರು ಮೊದಲು ಸರ್ರನೆ ಇಳಿಯುತ್ತದೆ. ಆಮೇಲೆ ನಿಧಾನವಾಗಿ ತುಂಬಿ ನಿಲ್ಲುತ್ತದೆ. ಒಳಗಿನಿಂದ ಒಂದೊಂದೇ ಗುಳ್ಳೆ ಎದ್ದುಬಂದು ಒಡೆಯುತ್ತದೆ. ಒಲೆಯ ಮೇಲೆ ಬೇಳೆ ಇಟ್ಟು ಕಾಯುವಾಗ ಈಗಲೂ ನನಗೆ ಆ ಲಾಳಿಕೆ ನೆನಪಾಗುತ್ತದೆ.

ನನ್ನ ಮಾವ ಗುರುಪಾದಪ್ಪನವರು ಊರಿನ ನೀರಿನ ಪಂಪು ನೋಡಿಕೊಳ್ಳುತ್ತಿದ್ದರು. ಪಂಪಿನ ಕೋಣೆ ನಮ್ಮ ಹಿತ್ತಿಲಿಗೆ ಹೊಂದಿಕೊಂಡೇ ಇತ್ತು. ಪಂಪಿನ ಹೊಟ್ಟೆಯಲ್ಲಿ ಗಾಳಿ ಉಳಿದರೆ ಅದು ಬಾವಿಯ ನೀರನ್ನು ಎಳೆಯದು. ಬರಿದೇ ತಿರುಗಿ, ನೀರು ಸೋರದಂತೆ ಒಳಗೆ ಸುತ್ತಿದ ಹುರಿ ಸುಟ್ಟುಹೋಗುತ್ತದೆ. ಆದ್ದರಿಂದ ದಿನವೂ ಬೆಳಿಗ್ಗೆ ಪಂಪಿನ ಮೇಲಿನ ಲಾಳಿಕೆಗೆ ಎರಡು ಕೊಡ ನೀರು ಹೊಯ್ದು, ಗುಳ್ಳೆ ಪೂರಾ ನಿಂತ ಮೇಲೆಯೇ ಅವರು ಸ್ವಿಚ್ಚು ಒತ್ತುತ್ತಿದ್ದರು. ಮನೆಯವರ ಮೇಲೆ ರೇಗಿದ್ದುಂಟು, ಪಂಪಿನೊಡನೆ ಎಂದೂ ಅವಸರ ಮಾಡಿದವರಲ್ಲ.

ಆ ವರ್ಷ ನನ್ನ ಚೊಚ್ಚಲು ಮಗು ಮೂರನೆಯ ದಿನಕ್ಕೇ ತೀರಿಕೊಂಡಿತು. ತವರಿನಿಂದ ಮರಳಿದ ನನಗೆ ಮಾತೇ ಹೊರಡಲಿಲ್ಲ. ಕೆಲಸ ಮಾಡುತ್ತಿದ್ದೆ, ಉಣ್ಣುತ್ತಿದ್ದೆ, ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದೆ. ಎರಡು ತಿಂಗಳಾದ ಮೇಲೆ ಅತ್ತೆ ನನ್ನೆದುರಿಗೇ ನನ್ನ ಗಂಡನಿಗೆ ಹೇಳಿದರು: "ಹಬ್ಬದ ತನಕಾ ನೋಡೂಣು. ಆಮ್ಯಾಲ ತವರಿಗೆ ಕಳಿಸಿಬಿಡು. ಮೂಕಿನ್ನ ಕಟ್ಕೊಂಡು ಎಷ್ಟ ದಿನಾ ಬಾಳ್ವೆ ಮಾಡ್ತಿ?"

ನನ್ನ ಗಂಡ ತಲೆ ತಗ್ಗಿಸಿದರು. ಇಲ್ಲ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದರು. "ಯವ್ವಾ, ನನ್ನ ಕಣ್ಣು ಮಂಜಾಗ್ಯಾವ. ಗುಳ್ಳಿ ಕಾಣವಲ್ವು. ನೀ ಬಂದು ನೋಡಿ ಹೇಳು."

ಹೋದೆ. ನೀರು ಹೊಯ್ದೆ. ಗುಳ್ಳೆಗಳು ಏಳುತ್ತಲೇ ಇದ್ದವು.

"ನಿಂತಾವೇನು?" ಎಂದರು. ಇಲ್ಲವೆಂದು ತಲೆಯಾಡಿಸಿದೆ.

"ತಲಿ ಅಳ್ಳಾಡಿಸಿದ್ರ ಕುರುಡಗ ಏನ ತಿಳೀತೈತಿ? ಸುಮ್ಕಿದ್ರ ನಿಂತಾವಂತ ತಿಳ್ಕೋತೀನಿ," ಎಂದವರೇ ಸ್ವಿಚ್ಚು ಒತ್ತಿಬಿಟ್ಟರು.

ಪಂಪು ಹಲ್ಲು ಕಡಿಯುವಂತೆ ಸದ್ದು ಮಾಡಿತು. ಅವರು ಕದಲಲಿಲ್ಲ. ಹುರಿ ಸುಡುವ ವಾಸನೆ ಎದ್ದಿತು.

"ಬಂದ್ ಮಾಡ್ರಿ ಮಾವಾರ!" ಎಂದು ಕಿರುಚಿದೆ.

ಪಂಪು ನಿಂತಿತು. ಆ ದನಿ ಯಾರದೋ ಎನಿಸಿತು ನನಗೆ. ಮಾವ ಕಿವಿ ಉಜ್ಜಿಕೊಂಡರು. "ಸಣ್ಣಕ ಹೇಳಿದ್ರೂ ನಡೀತಿತ್ತವ್ವಾ. ಕಿವಿ ಛಲೋ ಅದಾವ."

ಅಂದು ಮಧ್ಯಾಹ್ನದವರೆಗೆ ಕುಳಿತು ಅವರು ಹೊಸ ಹುರಿ ಸುತ್ತಿದರು. ಮರುದಿನದಿಂದ ಅದು ನನ್ನ ಕೆಲಸವಾಯಿತು. "ಬರಾಕತ್ತಾವ್ರಿ." "ನಿಂತಾವ್ರಿ." ಮೊದಮೊದಲು ಅಷ್ಟೇ. ಬರಬರುತ್ತ ಕಾಯುವ ಹೊತ್ತಿಗೆ ಬೇರೆ ಮಾತೂ ಸೇರಿತು. ಹಬ್ಬದ ದಿನ ಹೋಳಿಗೆ ಲಟ್ಟಿಸುತ್ತ ಅತ್ತೆಯೇ ಗೊಣಗಿದರು: "ಈಗ ನೋಡಿದ್ರ ಬಾಯಿ ಮುಚ್ಚವಲ್ಲಿ!" ತವರಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಮಜ್ಜಿಗೆ ಒಯ್ದಾಗ, ಮಾವ ಪಂಪಿನ ಕೋಣೆಯಲ್ಲಿ ಹರಿದ ಚೀಲ ಹೊಲಿಯಲು ಕುಳಿತಿದ್ದರು. ಸಣ್ಣ ಸೂಜಿ. ಒಂದೇ ಸಲಕ್ಕೆ ದಾರ ಪೋಣಿಸಿದರು.

ಬಾಗಿಲಲ್ಲೇ ನಿಂತೆ. ಅಂದರೆ ಅಂದು ಏಳುತ್ತಿದ್ದ ಗುಳ್ಳೆಗಳನ್ನು ಅವರು ಕಂಡಿದ್ದರು. ಕಂಡೇ ಸ್ವಿಚ್ಚು ಒತ್ತಿದ್ದರು. ನಾಲ್ಕು ಹೆಜ್ಜೆ ಹಿಂದೆ ಸರಿದು, ಕೆಮ್ಮಿ, ಮತ್ತೆ ಬಂದೆ. ಸೂಜಿ ಚೀಲದಡಿ ಸೇರಿತ್ತು. "ಯಾರವರು?" ಎಂದು ಕಣ್ಣು ಕಿರಿದು ಮಾಡಿದರು.

"ನಾನ್ರಿ," ಎಂದೆ.

ಮರುದಿನ ಬೆಳಿಗ್ಗೆ ಗುಳ್ಳೆಗಳು ಬೇಗನೆ ನಿಂತವು. ಲಾಳಿಕೆಯ ನೀರು ಅಲುಗಾಡಲಿಲ್ಲ.

"ನಿಂತಾವೇನು?"

"ಇನ್ನೂ ಬರಾಕತ್ತಾವ್ರಿ ಮಾವಾರ."

ಅವರು ಲಾಳಿಕೆಯನ್ನು ನೋಡಿದರು. ಸ್ವಿಚ್ಚಿನಿಂದ ಕೈ ತೆಗೆದು, ಬೋರಲು ಹಾಕಿದ ಬುಟ್ಟಿಯ ಮೇಲೆ ಕುಳಿತರು. "ಬರಲಿ ಬಿಡು. ಅವಸರೇನೈತಿ?"

ಅಲ್ಲಿಯವರೆಗೆ ಯಾರೂ ಕೇಳದಿದ್ದುದನ್ನು ಆಗ ಹೇಳಿದೆ. "ಕೂಸಿನ ಕೂದಲಾ ಭಾಳ ಕರ್‍ರಗಿದ್ದುವ್ರಿ."

ಹೊರಗೆ ನಲ್ಲಿಯ ಹತ್ತಿರ ಕೊಡಗಳ ಸದ್ದು ಏರಿತು. "ಗುರುಪಾದಪ್ಪಾ, ನಿದ್ದಿ ಹತ್ತೇತೇನೋ?" ಎಂದು ಯಾರೋ ಹೆಂಗಸು ಕೂಗಿದಳು. ಮಾವ ನನ್ನತ್ತಲೇ ತಿರುಗಿದರು.

"ಮತ್ತ ಬೆರಳು?" ಎಂದರು.

ನನ್ನ ಕಿರುಬೆರಳಿನ ತುದಿಯನ್ನು ಹಿಡಿದು, ಇಷ್ಟೇ ಎಂದು ತೋರಿಸಿದೆ. ಕಣ್ಣು ಮಂಜಾಗಿದೆ ಎಂದಿದ್ದ ಮಾವ ಅದನ್ನು ಬಹಳ ಹೊತ್ತು ನೋಡಿದರು.