ಇಪ್ಪತ್ತೆಂಟು ವರ್ಷದ ಬೈಗುಳ

ಬಾಗಿಲವರೆಗೆ ಹೋಗಿ ಎರಡು ಸಲ ಹಿಂದಿರುಗಿದ್ದ ಒಬ್ದುಲಿಯಾ ಮೂರನೇ ಸಲ ಹೊಸ್ತಿಲು ದಾಟಿದಳು. ಒಳಗೆ ದೋನ್ ಎವಾರಿಸ್ತೊ ಶವಪೆಟ್ಟಿಗೆಯಲ್ಲಿ ಮಲಗಿದ್ದರು. ರಾಜಧಾನಿ ಸಾಂತೊ ದೊಮಿಂಗೊದ ದೊಡ್ಡ ತಂಡ ಕರೆದರೂ ಹೋಗದೆ, ಈ ಸಕ್ಕರೆ ಕಾರ್ಖಾನೆಯ ಬೇಸ್‌ಬಾಲ್ ತಂಡವನ್ನೇ ಇಪ್ಪತ್ತೆಂಟು ವರ್ಷ ನಡೆಸಿದ ಮ್ಯಾನೇಜರು. ಅಷ್ಟೂ ವರ್ಷ ಮೈದಾನದ ಮೂರನೇ ಬೇಸಿನ ಹಿಂದೆ ಪ್ರೇಕ್ಷಕರ ಸಾಲಿನಲ್ಲಿ ಕೂತು ಅವರನ್ನು ಬಾಯಿಗೆ ಬಂದಂತೆ ಬೈದವಳು ಇವಳು. ಈಗ ಯಾವ ಮುಖ ಹೊತ್ತು ಅವರ ಹೆಂಡತಿಯ ಎದುರು ನಿಲ್ಲುವುದು?

"ಬಂದ್ಯಾ? ಇವತ್ತಾದ್ರೂ ಬಾಯಿಗೆ ಬೀಗ ಹಾಕ್ಕೊಂಡಿರ್ತೀಯೋ ಇಲ್ವೋ?" ಎಂದ ರುಫೀನೊ. ಒಂದು ಕಾಲಕ್ಕೆ ತಂಡದ ಚೆಂಡೆಸೆತಗಾರ. ಈಗ ಮಂಡಿನೋವಿನ ಮುದುಕ.

"ನೀನು ನೆಟ್ಟಗೆ ಎಸೆದಿದ್ರೆ ಪಾಪ ಅವರಿಗ್ಯಾಕೆ ಬೈತಿದ್ದೆ ನಾನು?"

ಅಳುತ್ತಿದ್ದ ಹೆಂಗಸರು ಕರವಸ್ತ್ರ ಬಾಯಿಗಿಟ್ಟು ನಕ್ಕರು. ರುಫೀನೊನೂ ನಕ್ಕ.

"ನನ್ನ ಎಷ್ಟು ಸಲ ಅರ್ಧ ಆಟದಲ್ಲೇ ಹೊರಗೆ ಕಳಿಸಿದ್ರೋ ಲೆಕ್ಕ ಇಲ್ಲ. ಒಂದ್ಸಲಾನೂ ಕೂಗಾಡಿದೋರಲ್ಲ. ಹತ್ರ ಬಂದು, 'ಮಗೂಗೆ ಜ್ವರ ಬಿಡ್ತೇನೋ?' ಅಂತ ಕೇಳ್ತಾನೇ ಚೆಂಡು ಇಸ್ಕೊಂಡ್ಬಿಡೋರು. ಸಿಟ್ಟು ಮಾಡ್ಕೊಳ್ಳೋಕೂ ಬಿಡ್ತಿರ್ಲಿಲ್ಲ ಪುಣ್ಯಾತ್ಮ."

*

ಒಬ್ದುಲಿಯಾಳ ಗಂಡ ತೀರಿಕೊಂಡ ವರ್ಷ ಅವಳು ಮೂರು ಭಾನುವಾರ ಮೈದಾನದ ಕಡೆ ಸುಳಿದಿರಲಿಲ್ಲ. ಮೂರನೆಯದರ ಮರುದಿನ, ಸೋಮವಾರ ಬೆಳಿಗ್ಗೆ ದೋನ್ ಎವಾರಿಸ್ತೊ ಟೋಪಿ ಕೈಯಲ್ಲಿ ಹಿಡಿದು ಅವಳ ಬಾಗಿಲಲ್ಲಿ ನಿಂತಿದ್ದರು.

"ಆ ಕಡೆಯಿಂದ ಸದ್ದೇ ಇಲ್ವಲ್ಲ, ಒಬ್ದುಲಿಯಾ."

"ಮೂರೂ ಆಟ ಗೆದ್ರಂತಲ್ಲ. ನಾನಿಲ್ದಿದ್ರೇನೇ ಒಳ್ಳೇದು."

"ಗೆದ್ವಿ. ಆದ್ರೂ ಹುಡುಗ್ರು ಆಗಾಗ ನಿನ್ನ ಸೀಟಿನ ಕಡೆ ನೋಡ್ತಾರೆ." ಆಮೇಲೆ, "ನಾನೂ" ಎಂದರು.

ಸತ್ತವನ ಮಾತೆತ್ತಲಿಲ್ಲ. ಕಾಫಿ ಕುಡಿದು ಹೋದರು. ಮುಂದಿನ ಭಾನುವಾರ ಅವಳು ಆಟದ ಅರ್ಧದವರೆಗೂ ಅತ್ತಳು. ಆಮೇಲೆ ಗಂಟಲು ಹರಿಯುವಂತೆ "ಕತ್ತೇ!" ಎಂದು ಕೂಗಿದಳು. ಅವರು ತಿರುಗಿ ನೋಡಲಿಲ್ಲ. ಟೋಪಿಯನ್ನು ಮಾತ್ರ ಸ್ವಲ್ಪ ಮೇಲೆತ್ತಿದರು.

*

"ಇಲ್ಲಿ ಬಾ." ದೋನ್ ಎವಾರಿಸ್ತೊ ಅವರ ಹೆಂಡತಿ ನಿಯೆವೆಸ್ ಶವಪೆಟ್ಟಿಗೆಯ ಪಕ್ಕದಲ್ಲೇ ಒಬ್ದುಲಿಯಾಳ ಕೈಹಿಡಿದು ಮನೆಯವರ ಸಾಲಿನಲ್ಲಿ ಕೂರಿಸಿಕೊಂಡಳು. "ಸೋತು ಬಂದ ದಿನ ಊಟಕ್ಕೆ ಕೂತು ನೀನು ಬೈದಿದ್ದನ್ನೆಲ್ಲ ನಂಗೆ ಒಪ್ಪಿಸೋರು. 'ಅವಳು ಹೇಳಿದ್ದೇ ಸರಿ ಕಣೇ' ಅನ್ನೋರು."

"ನಂಗ್ಯಾಕಮ್ಮಾ ಒಂದಿನಾನೂ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬೈಯೋದು ನಿಲ್ಲಿಸ್ಬಿಡ್ತೀಯ ಅಂತ."

ಆಗ ಒಬ್ದುಲಿಯಾ ಅತ್ತಳು.

ಮಧ್ಯಾಹ್ನದೊಳಗೆ ಮಣ್ಣು ಮಾಡಿದ್ದಾಯಿತು. ತನಗಾಗಿ ಆಟ ನಿಲ್ಲಿಸಕೂಡದೆಂದು ದೋನ್ ಎವಾರಿಸ್ತೊ ಮೊದಲೇ ಹೇಳಿದ್ದರು. ಮೂರು ಗಂಟೆಗೆ ಆಟ ಶುರುವಾಯಿತು. ಒಬ್ದುಲಿಯಾ ಕಪ್ಪುಡುಗೆಯಲ್ಲೇ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಕುಳಿತಂತಾಯಿತು. ನಿಯೆವೆಸ್. ಗಂಡ ಸೋಲುವುದನ್ನು ಕಣ್ಣಾರೆ ನೋಡಲಾರೆನೆಂದು ಇಷ್ಟು ವರ್ಷ ಈ ಮೈದಾನಕ್ಕೆ ಕಾಲಿಡದವಳು. ಚಪ್ಪಲಿಗೆ ಸ್ಮಶಾನದ ಕೆಂಪು ಮಣ್ಣು ಇನ್ನೂ ಮೆತ್ತಿಕೊಂಡಿತ್ತು.

ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ ಮೇಲೆ ಅವಳು ಮೆಲ್ಲಗೆ ಕೇಳಿದಳು:

"ಇದ್ರಲ್ಲಿ ನಮ್ಮೋರು ಯಾರೇ?"

ಒಬ್ದುಲಿಯಾ ನಿಯೆವೆಸಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಅವಳದೇ ತೋರುಬೆರಳನ್ನು ಬಿಡಿಸಿ, ಧೂಳಿನಲ್ಲಿ ದೂರದೂರ ನಿಂತಿದ್ದ ಬಿಳಿಯುಡುಗೆಯ ಹುಡುಗರನ್ನು ಒಬ್ಬೊಬ್ಬರನ್ನಾಗಿ ತೋರಿಸತೊಡಗಿದಳು.