ಗೇಣು ದೂರದ ಕೆಂಪು

ಇಷ್ಟು ಕೆಂಪಗಿರಬಾರದು ಒಂದು ಹೂವು, ಯಾರೋ ಕೂತು ಬಣ್ಣ ಬಳಿದ ಹಾಗಿದೆ, ಬೆರಳಿಗೆ ಹತ್ತೀತೇನೋ ಎಂದು ಮುಟ್ಟಿ ನೋಡುತ್ತೇನೆ, ಹತ್ತಲಿಲ್ಲ, ನರ್ಸರಿಯವನು ನಗುತ್ತಾನೆ, ಪೇಂಟ್ ಅಲ್ಲ ಮೇಡಂ, ಒರಿಜಿನಲ್, ದಾಸವಾಳದಲ್ಲೇ ಹೊಸ ತಳಿ, ವರ್ಷಪೂರ್ತಿ ಬಿಡತ್ತೆ, ಒಂದೊಂದು ಹೂವು ಊಟದ ತಟ್ಟೆ ಅಗಲ — ಊಟದ ತಟ್ಟೆಯಂತೆ, ವ್ಯಾಪಾರಕ್ಕೆ ನಿಂತವರ ಬಾಯಿಗೆ ಅಳತೆ ಎಲ್ಲಿಯದು, ನಾನೂ ದಿನವಿಡೀ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವವಳೇ, ನನಗೆ ಗೊತ್ತಿಲ್ಲವೇ, ಹೂವು ಚಹಾದ ತಟ್ಟೆಯಷ್ಟಿದೆ ಅಷ್ಟೆ, ಆದರೆ ಕೆಂಪು ಮಾತ್ರ ಸುಳ್ಳಲ್ಲ, ನೆರಳುಬಲೆಯ ಕೆಳಗಿನ ಈ ಹಸಿರು ಮಂಕಿನಲ್ಲೂ ಉರಿಯುತ್ತಿದೆ, ಬಗ್ಗಿ ಮೂಸುತ್ತೇನೆ, ಏನೂ ಇಲ್ಲ, ಒದ್ದೆ ಮಣ್ಣಿನ ವಾಸನೆ ಬಿಟ್ಟರೆ ಏನೇನೂ ಇಲ್ಲ, ಅದರ ಪಕ್ಕದಲ್ಲೇ ಕಪ್ಪು ಚೀಲದಲ್ಲಿ ಪನ್ನೀರು ಗುಲಾಬಿ, ಒಂದು ಮೊಗ್ಗೂ ಇಲ್ಲ, ಹಿಡಿ ಎಲೆ, ಮೈತುಂಬ ಮುಳ್ಳು, ಅದು ನಿಧಾನ ಮೇಡಂ, ಮುಂದಿನ ವರ್ಷ ಹೂ ಕಂಡ್ರೆ ನಿಮ್ಮ ಪುಣ್ಯ, ಆದ್ರೆ ಒಂದ್ಸಲ ಬೇರು ಬಿಡ್ತು ಅಂದ್ರೆ ಮುಗೀತು, ನೀವು ಮರೆತ್ರೂ ಅದು ಮರೆಯಲ್ಲ, ಯಾವುದು ಕೊಡ್ಲಿ. ಯಾವುದು ಕೊಡಲಿ ಎಂದು ಇವನು ಕೇಳುತ್ತಿರುವುದು ಮೂರನೆಯ ಸಲ. ನಾನು ಮತ್ತೆ ಸಾಲಿನ ಆ ತುದಿಯವರೆಗೆ ಹೋಗಿ ಬರುತ್ತೇನೆ, ಊಟದ ಬಿಡುವು ಮುಗಿಯುತ್ತಾ ಬಂತು, ಔಷಧಿ ಅಂಗಡಿಯಲ್ಲಿ ಮಾಲೀಕರು ಗಡಿಯಾರ ನೋಡುತ್ತಿರುತ್ತಾರೆ, ನೋಡಲಿ.

ಬರೀ ಒಂದು ಗಿಡ, ಅದಕ್ಕೆ ಇಷ್ಟು ಒದ್ದಾಟ, ಕೇಳಿದವರು ನಕ್ಕಾರು. ಹೋದ ವಾರ ಚರಂಡಿ ಪೈಪು ಹಾಕುವವರು ಬಂದು ಮನೆಯ ಗೋಡೆ ಪಕ್ಕದ ಪಾತಿಯನ್ನು ಉದ್ದಕ್ಕೂ ಅಗೆದು ಹೋದರು, ಅಕ್ಕ ಹೊಲಿಗೆ ಕಲಿತ ವರ್ಷ ನೆಟ್ಟ ಗುಲಾಬಿ ಬುಡಸಮೇತ ಮೇಲೆ ಬಂತು, ಸಂಜೆ ನಾನು ಬರುವಷ್ಟರಲ್ಲಿ ಬೇರು ಒಣಗಿ ಹುರಿಹಗ್ಗವಾಗಿತ್ತು, ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು, ಹೋಗ್ಲಿ ಬಿಡು ಎಂದಳು, ಅಷ್ಟೆ, ಆಗಲೇ ನನಗೆ ಅನುಮಾನ ಬರಬೇಕಿತ್ತು, ನಮ್ಮಕ್ಕ ಯಾವತ್ತು ಏನನ್ನು ಹೋಗಲಿ ಎಂದು ಬಿಟ್ಟಿದ್ದಾಳೆ? ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿದವಳು, ಈಗಲೂ ನನ್ನನ್ನು ಪುಟ್ಟಿ ಎನ್ನುತ್ತಾಳೆ, ಈ ಪುಟ್ಟಿಯ ತಲೆ ಅರ್ಧ ಬೆಳ್ಳಗಾಗಿದೆ, ಅವಳ ಮುಂದೆ ನನ್ನ ಬೇಳೆ ಒಂದು ದಿನವೂ ಬೆಂದಿಲ್ಲ. ಗಿಡದ ವಿಷಯದಲ್ಲಂತೂ ಅವಳದೇ ಕಾನೂನು, ಹೊಸ ಗಿಡ ಯಾವುದೇ ಬರಲಿ, ಹಿತ್ತಿಲ ಮೆಟ್ಟಿಲ ಪಕ್ಕ ಕುಂಡದಲ್ಲಿ ಒಂದು ವರ್ಷ ಇರಬೇಕು, ಬಿಸಿಲು ಚಳಿ ಮಳೆ ಮೂರೂ ತಿನ್ನಬೇಕು, ಉಳಿದರೆ ನೆಲ, ಇಲ್ಲದಿದ್ದರೆ ಗೊಬ್ಬರದ ಗುಂಡಿ, ಆ ಜಾಗಕ್ಕೆ ನಾನಿಟ್ಟ ಹೆಸರು ಪರೀಕ್ಷಾ ಕೊಠಡಿ, ನಾನು ತಂದ ಹಳದಿ ಗುಲಾಬಿ ಅಲ್ಲೇ ಫೇಲು, ನೀಲಿ ಹೂವಿನದೊಂದು ಬಳ್ಳಿ, ಹೆಸರು ಹೇಳಲು ನಾಲಿಗೆ ಹೊರಳುತ್ತಿರಲಿಲ್ಲ, ಅದೂ ಫೇಲು, ನೋಡಿದ್ಯಾ ಪುಟ್ಟಿ, ಹೊಸದೆಲ್ಲ ಬರೀ ಥಳಕು, ಮೂಗಿಗೆ ಏನೂ ಇಲ್ಲ, ಹೂವು ಅಂದ್ಮೇಲೆ ಕಣ್ಣು ಮುಚ್ಕೊಂಡ್ರೂ ಗೊತ್ತಾಗ್ಬೇಕು — ಕಣ್ಣು ಮುಚ್ಚಿಕೊಂಡರೂ, ಎಷ್ಟು ಸಲ ಹೇಳಿದ್ದಾಳೆ ಈ ಮಾತು.

ಲೋಟ. ಕೆಲವು ತಿಂಗಳ ಹಿಂದಿನ ಆ ಲೋಟ ಬೇಡ ಎಂದರೂ ನೆನಪಿಗೆ ಬರುತ್ತದೆ, ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಳೆ, ನಾನು ಚಹಾದ ಲೋಟವನ್ನು ಅವಳ ಬಲಕ್ಕೆ ಇಡುತ್ತೇನೆ, ಮಾತಾಡುತ್ತಲೇ ಕೈ ಚಾಚುತ್ತಾಳೆ, ಕೈ ಲೋಟದ ಪಕ್ಕ ಬಂದು ನಿಲ್ಲುತ್ತದೆ, ಒಂದು ಗೇಣು ಆಚೆ, ಬರೀ ಗಾಳಿಯಲ್ಲಿ, ಬೆರಳುಗಳು ಲೋಟ ಹಿಡಿಯುವ ಹಾಗೆ ಬಾಗಿವೆ, ಲೋಟ ಇಲ್ಲ. ಒಂದು ಕ್ಷಣ ಹಾಗೇ ಇದ್ದು, ಕೈ ತನ್ನಷ್ಟಕ್ಕೆ ತಾನು ಸೆರಗಿನ ಮೇಲಿನ ದಾರದ ಎಳೆ ತೆಗೆಯುವ ನಾಟಕ ಮಾಡುತ್ತದೆ. ಆಮೇಲೆ ಅಂಗಿಗಳು ವಾಪಸು ಬರತೊಡಗಿದವು, ಕಾಲರಿನ ಹೊಲಿಗೆ ಅಂಚು ಬಿಟ್ಟು ಒಳಗೆ ಹೋಗಿದೆ ಎಂದು, ಗಿರಾಕಿಗಳು ನಾಚಿಕೊಂಡು ನನ್ನ ಕೈಗೆ ಕೊಡುತ್ತಿದ್ದರು. ಕಣ್ಣಿನ ಡಾಕ್ಟರು ನನಗೆ ಪರಿಚಯದವರು, ಅವರ ಚೀಟಿ ಓದಬಲ್ಲವಳು ಊರಿಗೆಲ್ಲ ನಾನೊಬ್ಬಳೇ, ಅಕ್ಕ ಒಳಗೆ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಾಗ ನನ್ನನ್ನು ಹೊರಗೆ ಕರೆದರು, ನೋಟ ಅಂಚಿನಿಂದ ಮುಚ್ಕೊಂಡು ಬರ್ತಿದೆ, ಔಷಧಿಯಿಂದ ನಿಧಾನ ಆಗ್ಬಹುದು, ನಿಲ್ಲತ್ತೆ ಅಂತ ನಾನು ಹೇಳಲ್ಲ, ನೇರ ಎದುರಿಗಿರೋದು ಮಾತ್ರ ಇನ್ನೂ ಸ್ವಲ್ಪ ದಿನ ಚೆನ್ನಾಗೇ ಕಾಣತ್ತೆ, ನೀವೇ ಸಮಯ ನೋಡಿ ಅವರಿಗೆ ಹೇಳಿ. ಸಮಯ ನೋಡಿ ಹೇಳಬೇಕಂತೆ, ಅದಕ್ಕೆ ಯಾವ ಗಡಿಯಾರ ನೋಡಬೇಕು? ನಾನು ಒಳಗೆ ಬಂದು ಏನಿಲ್ವಂತೆ ಅಕ್ಕ, ವಯಸ್ಸಿಂದಂತೆ, ದಿನಾ ಎರಡು ಹೊತ್ತು ಹನಿ ಹಾಕ್ಕೋಬೇಕಂತೆ ಎಂದೆ, ಕೌಂಟರಿನಲ್ಲಿ ಊರವರಿಗೆಲ್ಲ ಹೇಳುವ ಅದೇ ಮಾತು, ಎರಡು ಹೊತ್ತು ಹನಿ, ಅಲ್ಲಾಡಿಸಿ ಹಾಕಿ, ಮುಂದಿನವರು ಬನ್ನಿ.

ಇವತ್ತು ಬೆಳಗ್ಗೆ ಅವಳೇ, ತಾನಾಗಿಯೇ, ಈ ಸಲ ನಿಂದೇ ಗೆಲ್ಲಲಿ ಪುಟ್ಟಿ, ಹೊಸದನ್ನೇ ತಗೊಂಡ್ ಬಾ, ಒಳ್ಳೆ ಕಣ್ಣು ಕುಕ್ಕೋ ಬಣ್ಣದ್ದು ಎಂದಳು. ಜೀವಮಾನವೆಲ್ಲ ಜಗಳವಾಡಿ ಗೆದ್ದ ದಿನ ಒಂದು ಚೂರೂ ಖುಷಿಯಾಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನಾನು ಒಳಗೊಳಗೇ ಪಕ್ಷ ಬದಲಿಸಿದ್ದೆ, ನನಗೀಗ ಬೇಕಾದದ್ದು ಪನ್ನೀರು ಗುಲಾಬಿ, ಮಲ್ಲಿಗೆ, ಸುಗಂಧರಾಜ, ಕಣ್ಣು ಮುಚ್ಚಿದರೂ ಗೊತ್ತಾಗುವಂಥದ್ದು, ಒಂದು ದಿನ ಅವಳು ಮೆಟ್ಟಿಲ ಮೇಲೆ ಕೂತು ಗಾಳಿಗೆ ಮುಖವೊಡ್ಡಿ ಇವತ್ತು ಎಷ್ಟು ಅರಳಿವೆ ಎಂದು ಹೇಳುವಂಥದ್ದು. ಆದರೆ ಹೊಸದು ತಾ ಎಂದವಳ ಮುಂದೆ ಗುಲಾಬಿ ಹಿಡಿದು ನಿಂತರೆ? ಅವಳೇನು ದಡ್ಡಿಯೇ, ಬಾಯಿಬಿಟ್ಟು ಹೇಳಲಾಗದ್ದನ್ನು ಗಿಡದ ಕೈಲಿ ಹೇಳಿಸಿದ ಹಾಗಾಗುತ್ತದೆ, ನಿನಗೆ ಇನ್ನು ವಾಸನೆಯೇ ಗತಿ ಎಂದು. ಕೆಂಪು ದಾಸವಾಳ ಒಯ್ದರೆ ಇನ್ನೂ ಕಷ್ಟ, ಪರೀಕ್ಷಾ ಕೊಠಡಿಯಲ್ಲಿ ಒಂದು ವರ್ಷ, ಆಮೇಲೆ ನೆಲಕ್ಕಿಳಿದು ಬೇರೂರುವುದು, ಅದು ಮೈತುಂಬ ಅರಳಿ ನಿಲ್ಲುವ ಹೊತ್ತಿಗೆ — ಬೇಡ, ಲೆಕ್ಕ ಹಾಕಬೇಡ, ನನಗೆ ಸಿಟ್ಟು ಬರುತ್ತಿದೆ, ಪೈಪಿನವರ ಮೇಲೆ, ಡಾಕ್ಟರ ಮೇಲೆ, ಏನೂ ಮಾಡದ ಈ ನರ್ಸರಿಯವನ ಮೇಲೆ, ಮೇಡಂ ಎರಡೂ ತಗೊಳ್ಳಿ, ಜಗಳವೇ ಇಲ್ಲ ಎನ್ನುತ್ತಾನೆ, ಅಲ್ಲಪ್ಪಾ, ಪೈಪು ಹೋಗಿ ಉಳಿದ ಜಾಗ ಒಂದು ಬುಡಕ್ಕೆ ಮಾತ್ರ, ಅದಕ್ಕೇ ತಾನೇ ಈ ಗೋಳು. ಫೋನು. ಮಾಲೀಕರಿರಬೇಕು — ಅಲ್ಲ, ಅಕ್ಕ. ಪುಟ್ಟಿ, ಇನ್ನೂ ಅಲ್ಲೇ ಇದ್ದೀಯಾ, ಒಂದ್ಮಾತು ಹೇಳೋದು ಮರ್ತೆ, ಕುಂಡ ಗಿಂಡ ತರ್ಬೇಡ, ನಾನು ಪಾತೀಲಿ ಗುಂಡಿ ತೋಡ್ಸಿದ್ದೀನಿ, ಈ ಸಲ ನೇರ ನೆಲಕ್ಕೇ ಹಾಕ್ಬಿಡೋಣ. ಯಾಕಕ್ಕ, ಒಂದು ವರ್ಷ ಕುಂಡದಲ್ಲಿ... ಅಯ್ಯೋ ಯಾರು ಕಾಯ್ತಾರೆ ಮಾರಾಯ್ತಿ, ಇಡ್ತೀನಿ, ಯಂತ್ರದ ಮೇಲೆ ಬಟ್ಟೆ ಇದೆ.

ಯಾರು ಕಾಯುತ್ತಾರೆ. ಫೋನು ಕಿವಿಯಲ್ಲೇ ಇದೆ, ಆ ಕಡೆ ಯಾರೂ ಇಲ್ಲ, ಅವಳಿಗೆ ಗೊತ್ತು, ಗೊತ್ತಿದ್ದೇ ಕಾನೂನು ಮುರಿದಿದ್ದಾಳೆ, ಕಾಣುವಷ್ಟು ದಿನ ನೋಡಿಬಿಡೋಣ ಎಂದು ಬಣ್ಣ ಕೇಳಿದ್ದಾಳೆ, ನಾನು ಅವಳ ಕತ್ತಲೆಗೆ ಪರಿಮಳ ಹುಡುಕುತ್ತಾ ಇಲ್ಲಿ ಸಾಲಿನಿಂದ ಸಾಲಿಗೆ ಅಲೆಯುತ್ತಿದ್ದೇನೆ. ಅದು, ಕೆಂಪಿದು ಕೊಡಿ, ಬೇಗ ಕೊಡಿ, ನರ್ಸರಿಯವನು ಅದರ ಆರೈಕೆ ಹೇಗೆಂದು ಶುರು ಮಾಡುತ್ತಾನೆ, ಏನೂ ಕೇಳಿಸುವುದಿಲ್ಲ, ಬಸ್ಸಿನಲ್ಲಿ ತೊಡೆಯ ಮೇಲೆ ಗಿಡ, ಹೂವು ಗಲ್ಲಕ್ಕೆ ತಾಗುತ್ತದೆ, ಪಕ್ಕದ ಸೀಟಿನ ಅಜ್ಜಿ ಪ್ಲಾಸ್ಟಿಕ್ಕಾ ಎಂದು ಕೇಳುತ್ತಾಳೆ, ಅಲ್ಲ ಅಜ್ಜಿ, ಜೀವ ಇದೆ, ಮೊಗ್ಗು ಉದುರದಿದ್ದರೆ ಸಾಕು, ಡ್ರೈವರ್ ಯಾಕಿಷ್ಟು ಬ್ರೇಕು ಹಾಕುತ್ತಾನೆ, ಈ ಹೂವು ಸಂಜೆಯೊಳಗೆ ಬಾಡಿಬಿಟ್ಟರೆ, ಬಿಟ್ಟು ಬಂದ ಗುಲಾಬಿಯನ್ನು ಬೇರೆ ಯಾರಾದರೂ ಒಯ್ದರೆ, ಅಂಗಡಿಗೆ ಫೋನು ಮಾಡಲಿಲ್ಲ, ಮಾಲೀಕರು ಕೂಗಾಡಲಿ, ಅವಳು ಕೇಳಿದರೆ ಏನು ಹೇಳಲಿ, ಎಲ್ಲಿಂದ ಶುರು ಮಾಡಲಿ, ನಮ್ಮ ನಿಲ್ದಾಣ, ಇಳಿಯುತ್ತೇನೆ, ಓಡುತ್ತೇನೆ, ಈ ವಯಸ್ಸಿನಲ್ಲಿ ಗಿಡ ಅಪ್ಪಿಕೊಂಡು ಓಡುವವಳನ್ನು ಬೀದಿ ನಿಂತು ನೋಡುತ್ತದೆ.

ಅಕ್ಕ ಪಾತಿಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಾಳೆ, ಗುಂಡಿ ತಯಾರಾಗಿದೆ, ನೀರು ತುಂಬಿದ ಬಿಂದಿಗೆ ಪಕ್ಕದಲ್ಲಿ, ತಂದ್ಯಾ, ಅವಳ ಮುಂದೆ ಗಿಡ ಇಡುತ್ತೇನೆ, ಬಾಯಿ ತೆರೆಯುತ್ತೇನೆ, ಅಕ್ಕ, ಅವತ್ತು ಡಾಕ್ಟರು... ಸಾಕು ಬಿಡು, ಅವತ್ತೇ ಗೊತ್ತಾಯ್ತು, ಹೊರಗಿಂದ ಬಂದು ನೀನು ಏನಿಲ್ಲ ಅಂದ್ಯಲ್ಲ, ನಿಜವಾಗ್ಲೂ ಏನಿಲ್ದಿದ್ರೆ ನೀನು ನನ್ಹತ್ರ ಅಷ್ಟು ಮೆತ್ತಗೆ ಮಾತಾಡ್ತಿದ್ಯಾ, ಜಗಳಗಂಟಿ. ನಗುತ್ತಾಳೆ, ನನಗೆ ಅಳು ಬರುತ್ತಿದೆ, ಬರಲಿ, ಅವಳಿಗೆ ಕಂಡೀತು ಎಂದು ಮುಖ ತಿರುಗಿಸಿ, ಪಕ್ಕಕ್ಕೆ ಸರಿದರೆ ಅವಳಿಗೆ ಕಾಣುವುದಿಲ್ಲ ಎಂದು ನೆನಪಾಗಿ, ಸರಿಯದೆ ನಿಂತಲ್ಲೇ ಅಳುತ್ತೇನೆ. ನಾನು ಗುಲಾಬಿ ತರೋಣ ಅಂತಿದ್ದೆ ಅಕ್ಕ. ಅದು ಆಮೇಲೆ ತರೋಣ ಪುಟ್ಟಿ, ಅದನ್ನ ಕುಂಡದಲ್ಲಿಟ್ರೂ ಆಯ್ತು, ಅದಕ್ಕೆ ಕಣ್ಣು ಬೇಡ. ತಲೆಯನ್ನು ಅಷ್ಟಷ್ಟೇ ತಿರುಗಿಸುತ್ತಾಳೆ, ಎಡಕ್ಕೆ, ಸ್ವಲ್ಪ ಕೆಳಕ್ಕೆ, ಸೂಜಿಯ ಕಣ್ಣಿಗೆ ದಾರ ಪೋಣಿಸುವವಳ ಹಾಗೆ ಉಸಿರು ಹಿಡಿದು, ಕೈ ಮುಂದೆ ಬರುತ್ತದೆ, ಹೂವಿನ ಪಕ್ಕ ಬಂದು ನಿಲ್ಲುತ್ತದೆ, ಒಂದು ಗೇಣು ಆಚೆ, ಗಾಳಿಯಲ್ಲಿ, ಬೆರಳು ಬಾಗಿವೆ, ನನ್ನ ಕೈ ತಾನಾಗಿಯೇ ಗಿಡದ ಕಡೆ ಹೋಗುತ್ತದೆ, ಸರಿಸ್ಬೇಡ, ಅಲ್ಲೇ ಇರ್ಲಿ, ನಾನೇ ಹುಡುಕ್ತೀನಿ, ಸರಿಸುವುದಿಲ್ಲ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ, ಹೂವು ಇಲ್ಲಿ, ಕೈ ಅಲ್ಲಿ, ನಡುವೆ ಒಂದು ಗೇಣು, ಅವಳ ಬೆರಳು, ಗಾಳಿ, ಆ ಕೆಂಪು