ಸೌನಾ ಮೆಟ್ಟಿಲ ಬಾತು

ಹಾರದೆ ಕೂತ ಬಾತನ್ನೆಲ್ಲ ಹೊಡೆಯಿರಿ ಎಂದು ಸರ್ಕಾರದವರು ಬಂದೂಕಿನ ತೋಟಾ ಹಂಚಿದ್ದರು. ಎಣ್ಣೆ ಮೆತ್ತಿಕೊಂಡ ಕಡಲಬಾತು ಹಾರಲಾರದು; ತಣ್ಣೀರಲ್ಲಿ ಎರಡು ದಿನ ನಡುಗಿ ಸಾಯುತ್ತದೆ. ನನ್ನ ಚಿಕ್ಕಂದಿನಲ್ಲಿ ಈ ಬಾಲ್ಟಿಕ್ ಕಡಲಲ್ಲಿ ಹಡಗು ಕಂಡರೆ ಓಡಿ ಹೋಗಿ ನೋಡುತ್ತಿದ್ದೆವು. ಈಗ ನಮ್ಮ ದ್ವೀಪಗಳ ಇಕ್ಕಟ್ಟಿನಲ್ಲಿ ಒಂದರ ಬಾಲಕ್ಕೆ ಇನ್ನೊಂದು. ಎದುರಿನದಕ್ಕೆ ದಾರಿ ಬಿಡಲು ಹೋದ ಎಣ್ಣೆ ಹಡಗೊಂದು ಮೊನ್ನೆ ಬಂಡೆಗೆ ಹೊಟ್ಟೆ ಸೀಳಿಕೊಂಡಿತು. ಅದರ ಕಪ್ತಾನನ ಮನೆ ಹಾಳಾಗ.

ಬೆಳಿಗ್ಗೆ ಬಂದೂಕು ಹಿಡಿದು ಹೊರಟಾಗ ಟೂರ್ಬೋರಿ ಚಿಕ್ಕಮ್ಮ ಅಡ್ಡ ನಿಂತಳು.

"ರೂನಾರ್, ನನ್ನ ಸೌನಾ ಮೆಟ್ಟಿಲ ಕಡೆ ಬಂದೀಯ, ಕೈ ಮುರೀತೀನಿ. ನನ್ನ ಬಾತು ಅಲ್ಲಿ ಕಾವಿಗೆ ಕೂತು ಹದಿನೆಂಟು ದಿನ. ಅನ್ನ ನೀರು ಬಿಟ್ಟು ಕೂತವ್ಳೆ, ಸಮುದ್ರಕ್ಕೇ ಇಳಿದಿಲ್ಲ. ಈ ಕೊಲ್ಲೀಲಿ ಎಣ್ಣೆ ತಾಕದೆ ಇರೋಳು ಅವಳೊಬ್ಳೇ."

"ಗೊತ್ತು ಬಿಡು ಚಿಕ್ಕಮ್ಮ. ನಾನೇನು ಕುರುಡನಾ?"

"ಬಂದೂಕು ಹಿಡಿದ ಗಂಡಸಿಗೆ ಕಣ್ಣೆಲ್ಲಿರುತ್ತೆ!"

ಹನ್ನೆರಡು ವಸಂತದಿಂದ ಅದೇ ಬಾತು ಆ ಹಬೆಸ್ನಾನದ ಗುಡಿಸಲಿನ ಮೆಟ್ಟಿಲಡಿಗೆ ಮೊಟ್ಟೆಯಿಡಲು ಬರುತ್ತಿತ್ತು. ಚಿಕ್ಕಮ್ಮ ಬೆನ್ನು ಸವರಿದರೂ ಏಳುತ್ತಿರಲಿಲ್ಲ.

ಗಂಡು ಬಿಳಿ, ಎಣ್ಣೆ ಎದ್ದು ಕಾಣುತ್ತದೆ. ಹೆಣ್ಣು ಕಂದು, ಹಾರುತ್ತದೋ ಇಲ್ಲವೋ ನೋಡಿಯೇ ಹೇಳಬೇಕು. ಮಧ್ಯಾಹ್ನದವರೆಗೆ ಹೊಡೆದೆ. ತಲೆ ಸಿಡಿದವು, ರೆಕ್ಕೆ ಹರಿದವು, ಸಾಯದವನ್ನು ಬೂಟಿನಡಿ ಹಾಕಿ ತುಳಿದೆ. ಎಣ್ಣೆಯೂ ರಕ್ತವೂ ಬೆರೆತು ಬಂಡೆ ಜಾರುತ್ತಿತ್ತು. ಗುಂಡು ತಾಗಿದ ಗಂಡೊಂದು ತೆವಳುತ್ತ ದಡ ಹತ್ತಿ ಓಡಿತು. ಬೆನ್ನಟ್ಟಿ ಹೋಗಿ ಬಂದೂಕಿನ ಹಿಡಿಯಿಂದ ಜಜ್ಜಿದೆ. ತಿರುಗಿದರೆ ಪಕ್ಕದಲ್ಲೇ ಕಂದು ಬಣ್ಣದ್ದೊಂದು, ಹಾರದೆ ಕೂತಿತ್ತು.

ಹೊಡೆದೇಬಿಟ್ಟೆ.

ಗೂಡಿಗೆ ಹಾಸಿದ್ದ ಬೂದು ತುಪ್ಪಳ ಗಾಳಿಗೆ ಎದ್ದಿತು. ಒಣ ತುಪ್ಪಳ, ಎಣ್ಣೆಯ ಕಲೆಯಿಲ್ಲ. ಆಗ ಮೆಟ್ಟಿಲು ಕಂಡಿತು. ಕಾವಿಗೆ ಕೂತದ್ದೂ ಹಾರುವುದಿಲ್ಲವೆಂದು ನಮ್ಮ ದ್ವೀಪದ ಕೂಸಿಗೂ ಗೊತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಚಿಕ್ಕಮ್ಮ ದೋಣಿಯ ಹುಟ್ಟು ಹಿಡಿದು ಬಂದಳು. ಹೆಗಲಿಗೆ ಹೊಡೆದಳು, ಬೆನ್ನಿಗೆ ಹೊಡೆದಳು, ಹುಟ್ಟು ಮುರಿಯುವವರೆಗೆ ಹೊಡೆದಳು. ನಾನು ಕೈ ಅಡ್ಡ ಇಡಲಿಲ್ಲ. ಆಮೇಲೆ ಮೊಣಕಾಲೂರಿ, ಒಡೆದ ಚಿಪ್ಪುಗಳ ನಡುವಿನಿಂದ ಉಳಿದಿದ್ದ ಒಂದೇ ಮೊಟ್ಟೆ ಆರಿಸಿ ನನ್ನ ಅಂಗಿಯೊಳಗೆ ತುರುಕಿದಳು.

"ಕೂತ್ಕೊ ಕೊಲೆಗಡುಕ. ಇನ್ನೊಂದು ವಾರ. ಎದ್ದೀಯ, ಸಿಗಿದುಹಾಕ್ತೀನಿ."

ಕೂತೆ. ಹೊಟ್ಟೆಗೆ ತಾಗಿದ ಮೊಟ್ಟೆ ಬೆಚ್ಚಗಿತ್ತು, ಒಳಗೆ ಏನೋ ಮಿಸುಕಿತು. ಈ ಮರಿಗಳು ಹುಟ್ಟಿದ ಮರುದಿನವೇ ನೀರಿಗೆ ಓಡುತ್ತವೆ, ಯಾರು ಹಿಡಿದರೂ ನಿಲ್ಲುವುದಿಲ್ಲ. ಅಷ್ಟರಲ್ಲಿ ಇನ್ನೊಂದು ಹಡಗು ಹಾದುಹೋಯಿತು, ಅದರ ಅಲೆ ಕಪ್ಪು ಎಣ್ಣೆಯನ್ನು ಮೆಟ್ಟಿಲವರೆಗೂ ತಂದು ಬಳಿಯಿತು.